ಸ್ಪೇನಿನಲ್ಲಿ ಕಿವಿಯಂತ್ರದ ಜಗಳ: ಎಲ್ಲರಿಗೂ ಸ್ಪ್ಯಾನಿಷ್ ಬರುವಾಗ ಅನುವಾದಕರು ಯಾಕೆ?

ಸಂತೆಪೇಟೆ ಸೀನ

ಹಳೇ ಸುದ್ದಿಯೊಂದನ್ನು ಓದ್ತಾ ಇದ್ದೆ, ತಲೆಗೆ ಹುಳ ಬಿಟ್ಟ ಹಾಗಾಯ್ತು. 2025ರ ಜೂನ್ 6ರಂದು ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಎಲ್ಲ ಪ್ರಾಂತ್ಯಗಳ ಮುಖ್ಯಸ್ಥರನ್ನು ಬಾರ್ಸಿಲೋನಾಗೆ ಸಭೆಗೆ ಕರೆದಿದ್ದರು. ಬಾಸ್ಕ್ ಪ್ರಾಂತ್ಯದ ಮುಖ್ಯಸ್ಥ ಇಮನೋಲ್ ಪ್ರದಾಲೆಸ್ ತಮ್ಮ ಬಾಸ್ಕ್ ಭಾಷೆಯಲ್ಲಿ ಬಾಯಿ ತೆರೆದಿದ್ದೇ ತಡ, ಮ್ಯಾಡ್ರಿಡ್ ಪ್ರಾಂತ್ಯದ ಮುಖ್ಯಸ್ಥೆ ಇಸಾಬೆಲ್ ದಿಯಾಸ್ ಅಯುಸೊ ಎದ್ದು ಹೊರನಡೆದರು. ಹೀಗೆ ಮಾಡ್ತೀನಿ ಅಂತ ಮೊದಲೇ ಹೇಳಿದ್ದರಂತೆ. ಕಿವಿಗೆ ಹಾಕಿಕೊಳ್ಳೋ ಯಂತ್ರ ಎಲ್ಲರ ಮುಂದೆಯೂ ಇತ್ತು, ಅನುವಾದ ಬರ್ತಿತ್ತು. ಆದರೂ ಹೋದರು.

ಕನ್ನಡಿಗನಾಗಿ ನನ್ನ ಮನಸ್ಸು ತಕ್ಷಣ ಬಾಸ್ಕ್ ಕಡೆಗೇ ವಾಲಿತು. ಆದರೆ ಒಂದು ಪ್ರಶ್ನೆ ಬಿಡ್ತಾ ಇಲ್ಲ. ನಮ್ಮ ಲೋಕಸಭೆಯಲ್ಲಿ ಅನುವಾದ ಇದೆ ಅಂದರೆ ಅರ್ಥ ಆಗುತ್ತೆ. ಅಲ್ಲಿ ಹಿಂದಿ ಬರದವರು ಇದ್ದಾರೆ, ಇಂಗ್ಲಿಷ್ ಬರದವರೂ ಇದ್ದಾರೆ. ಸ್ಪೇನಿನಲ್ಲಿ ಆ ಸಭೆಯಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಸ್ಪ್ಯಾನಿಷ್ ನೀರು ಕುಡಿದ ಹಾಗೆ ಬರುತ್ತೆ. ಹಾಗಿದ್ದ ಮೇಲೆ ಈ ಯಂತ್ರ ನಿಜಕ್ಕೂ ಬೇಕಾ, ಇಲ್ಲ ಬರೀ ತೋರಿಕೆಯಾ? ಅಲ್ಲಿ ಇರೋರು, ಇದ್ದು ಬಂದೋರು ಯಾರಾದರೂ ಇದ್ದರೆ ಹೇಳಿ.

ಕರಿಕೋಟು

ಮೊದಲು ಕಾನೂನು ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ.

ಸ್ಪೇನಿನ ಈಗಿನ ಸಂವಿಧಾನ 1978ರದ್ದು. ಅದರ 3ನೇ ವಿಧಿ ಹೇಳೋದು ಇಷ್ಟು: ಕಸ್ತೆಯಾನೊ, ಅಂದರೆ ನಾವು ಸ್ಪ್ಯಾನಿಷ್ ಅನ್ನೋದು, ಇಡೀ ದೇಶದ ಅಧಿಕೃತ ಭಾಷೆ. ಅದನ್ನು ಬಳಸೋ ಹಕ್ಕು ಎಲ್ಲರಿಗೂ ಇದೆ, ಅದನ್ನು ತಿಳಿದಿರಬೇಕಾದ ಕರ್ತವ್ಯವೂ ಎಲ್ಲರ ಮೇಲಿದೆ. ಉಳಿದ ಭಾಷೆಗಳು ಆಯಾ ಪ್ರಾಂತ್ಯದ ಒಳಗೆ ಮಾತ್ರ ಅಧಿಕೃತ. ಆ ‘ಕರ್ತವ್ಯ’ ಅನ್ನೋ ಪದದ ಮೇಲೆ ಕಣ್ಣಿಡಿ. ನಮ್ಮ ಸಂವಿಧಾನದಲ್ಲಿ ಹಿಂದಿಯನ್ನು ಬೆಳೆಸೋದು ಕೇಂದ್ರದ ಹೊಣೆ ಅಂತ 351ನೇ ವಿಧಿ ಹೇಳುತ್ತೆ ನಿಜ, ಆದರೆ ಪ್ರಜೆ ಹಿಂದಿ ಕಲಿತಿರಲೇಬೇಕು ಅಂತ ಎಲ್ಲೂ ಇಲ್ಲ. ಸ್ಪೇನಿನಲ್ಲಿ ಇದೆ. ಬಾರ್ಸಿಲೋನಾ ಇರೋ ಕ್ಯಾಟಲೋನಿಯಾ ಪ್ರಾಂತ್ಯದ ಭಾಷೆ ಕ್ಯಾಟಲನ್. ಅದನ್ನು ತಿಳಿದಿರಬೇಕಾದ ಕರ್ತವ್ಯ ಮಾತ್ರ ಆ ಸಂವಿಧಾನದಲ್ಲಿ ಯಾರಿಗೂ ಇಲ್ಲ.

ಮ್ಯಾಡ್ರಿಡ್‌ನ ಸಂಸತ್ತಿನ ಕೆಳಮನೆಯಲ್ಲಿ ಸುಮಾರು 45 ವರ್ಷ ಸ್ಪ್ಯಾನಿಷ್ ಒಂದೇ ನಡೆದಿದ್ದು. ಬೇರೆ ಭಾಷೆಯಲ್ಲಿ ನಾಲ್ಕು ಮಾತಾಡಿದರೆ ಸಭಾಧ್ಯಕ್ಷರು ಮೈಕ್ ಕಟ್ ಮಾಡಿದ್ದೂ ಇದೆ. ಮೇಲ್ಮನೆಯಲ್ಲಿ 2011ರಿಂದ ಕೆಲವು ಚರ್ಚೆಗಳಿಗೆ ಮಾತ್ರ ಅನುವಾದ ಇತ್ತು. ಕೆಳಮನೆಯಲ್ಲಿ ಬದಲಾಗಿದ್ದು 2023ರ ಸೆಪ್ಟೆಂಬರ್ 19ರಂದು. ಅವತ್ತು ಗಲಿಸಿಯಾ ಪ್ರಾಂತ್ಯದ ಸಮಾಜವಾದಿ ಸದಸ್ಯ ಹೊಸೆ ರಾಮೋನ್ ಗೋಮೆಸ್ ಬೆಸ್ತೆಯಿರೊ ಗಲಿಸಿಯನ್ ಭಾಷೆಯಲ್ಲಿ ಮಾತು ಶುರು ಮಾಡಿದರು. ಕಟ್ಟಾ ಬಲಪಂಥದ ವೋಕ್ಸ್ ಪಕ್ಷದವರು ಎದ್ದು, ತಮ್ಮ ಕಿವಿಯಂತ್ರಗಳನ್ನೆಲ್ಲ ತಂದು ಸಾಂಚೆಸ್ ಅವರ ಖಾಲಿ ಕುರ್ಚಿಯ ಮೇಲೆ ಗುಡ್ಡೆ ಹಾಕಿ ಹೊರಟುಹೋದರು. ಪ್ರಧಾನಿ ಅವತ್ತು ವಿಶ್ವಸಂಸ್ಥೆಯ ಸಭೆಗೆ ನ್ಯೂಯಾರ್ಕ್‌ನಲ್ಲಿದ್ದರು.

ತಮಾಷೆ ಅಂದರೆ, ಇದನ್ನು ವಿರೋಧಿಸಿದ ಇನ್ನೊಂದು ಬಲಪಂಥದ ಪಕ್ಷ ಪಿಪಿ. ಅದರ ಪರವಾಗಿ ಮಾತಾಡಿದ ಬೋರ್ಹಾ ಸೆಂಪೆರ್ ಬಾಸ್ಕ್ ಪ್ರಾಂತ್ಯದವರು. ‘ಇದೆಲ್ಲ ಬೇಡ’ ಅಂತ ವಾದಿಸಲು ನಿಂತ ಭಾಷಣದ ನಡುವೆ ತಾವೇ ಒಂದಿಷ್ಟು ಬಾಸ್ಕ್ ಮಾತಾಡಿದರು!

ಗದಗಿನ ಗಿರಣಿ

ಕರಿಕೋಟು ಸರ್, ಅರ್ಧಾ ಕಥಿ ಹೇಳಿ ಬಿಟ್ರಿ ನೋಡ್ರಿ. ಉಳಿದ ಅರ್ಧಾ ನಾ ಹೇಳ್ತೀನಿ.

2023ರ ಜುಲೈ 23ಕ್ಕ ಅಲ್ಲಿ ಚುನಾವಣಿ ಆತು. 350 ಸೀಟಿನಾಗ ಪಿಪಿಗೆ 137, ಸಾಂಚೆಸ್‌ನ ಸಮಾಜವಾದಿಗಳಿಗೆ 121, ವೋಕ್ಸ್‌ಗೆ 33, ಎಡಪಂಥದ ಸುಮಾರ್‌ಗೆ 31. ಯಾರಿಗೂ ಬಹುಮತ ಇಲ್ಲ. ಕ್ಯಾಟಲೋನಿಯಾದ ಎರಡು ಪ್ರತ್ಯೇಕತಾವಾದಿ ಪಕ್ಷಕ್ಕ ತಲಾ ಏಳು. ಆ ಏಳೇಳು ಹದಿನಾಲ್ಕು ಬಂಗಾರದ ತೂಕಕ್ಕ ಬಂದುವು. ಸಭಾಧ್ಯಕ್ಷರ ಕುರ್ಚಿಗೆ ಮಯೋರ್ಕಾ ದ್ವೀಪದ ಫ್ರಾನ್ಸಿನಾ ಅರ್ಮೆಂಗೋಲ್ ಅವರನ್ನ ಕೂಡಿಸಾಕ ಆ ಪಕ್ಷದವರು ಒಪ್ಪಿದ್ದು ಈ ಭಾಷಾ ಷರತ್ತಿನ ಮ್ಯಾಲೆ. ಆಮೇಲೆ ನವೆಂಬರ್‌ನಾಗ ಸಾಂಚೆಸ್ ಪ್ರಧಾನಿ ಆಗಿದ್ದು 179 ಮತಕ್ಕ. ಅದಕ್ಕ ಕೊಟ್ಟ ಬೆಲಿ ಪ್ರತ್ಯೇಕತಾವಾದಿಗಳಿಗೆ ಕ್ಷಮಾದಾನದ ಕಾಯ್ದೆ.

ಅಂದ್ರ 45 ವರ್ಷ ಕಾಣದ ಭಾಷಾ ಪ್ರೇಮ ಸೀಟು ಕಡಿಮಿ ಬಿದ್ದಾಗ ಕಂಡಿತು. ಇದನ್ನ ನಾವು ಇಲ್ಲಿ ಕುಂತು ಚಪ್ಪಾಳಿ ತಟ್ಟಬೇಕೇನ್ರಿ?

ಕರಿಕೋಟು

ಗಿರಣಿ ಅವರೇ, ಲೆಕ್ಕ ಸರಿ ಇದೆ. ಆದರೆ ಸಣ್ಣ ಭಾಷೆಗೆ ಯಾವ ದೇಶದಲ್ಲಾದರೂ ಹಕ್ಕು ಸಿಕ್ಕಿದ್ದು ದೊಡ್ಡವರಿಗೆ ಮತ ಕಡಿಮೆ ಬಿದ್ದಾಗಲೇ. ಪ್ರೀತಿಯಿಂದ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ.

ಸಂತೆಪೇಟೆ ಸೀನ

ನಮ್ಮ ಜೆ.ಎಚ್. ಪಟೇಲರು ನೆನಪಾದರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದವರು. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರ್ತಿತ್ತು. ಅಂದರೆ ನನ್ನ ಪ್ರಶ್ನೆಗೆ ನನ್ನ ಊರಲ್ಲೇ ಅರ್ಧ ಉತ್ತರ ಇತ್ತು ಅನ್ನಿ.

ರಾಂಬ್ಲಾ ರಾಗಿಮುದ್ದೆ

ಬಾರ್ಸಿಲೋನಾದಲ್ಲಿ ಒಂಬತ್ತು ವರ್ಷ ಆಯ್ತು ನಾವು ಬಂದು. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಬಂದ ಹೊಸತರಲ್ಲಿ ನಾನೂ ಸೀನ ಅವರ ಹಾಗೇ ಅಂದ್ಕೊಂಡಿದ್ದೆ. ಸ್ಪ್ಯಾನಿಷ್ ಕಲಿತರೆ ಸಾಕು, ಈ ಕ್ಯಾಟಲನ್ ಯಾಕೆ ಇನ್ನೊಂದು ಅಂತ. ಮಗಳನ್ನು ಸರ್ಕಾರಿ ಶಾಲೆಗೆ ಹಾಕಿದಾಗ ಗೊತ್ತಾಯ್ತು, ಇಲ್ಲಿ ಪಾಠ ನಡೆಯೋದೇ ಕ್ಯಾಟಲನ್‌ನಲ್ಲಿ. ಹೊರಗಿಂದ ಬಂದ ಮಕ್ಕಳಿಗೆ ಅಂತ ಪ್ರತ್ಯೇಕ ತರಗತಿ ಇದೆ, ‘ಸ್ವಾಗತದ ಕೋಣೆ’ ಅಂತಾರೆ. ದಿನಕ್ಕೆ ಒಂದಿಷ್ಟು ಹೊತ್ತು ಅಲ್ಲಿ ಕೂರಿಸಿ ಭಾಷೆ ಕಲಿಸ್ತಾರೆ, ಉಳಿದ ಹೊತ್ತು ಎಲ್ಲರ ಜೊತೆ. ಆರು ತಿಂಗಳಲ್ಲಿ ಅವಳು ನನಗೆ ತಿದ್ದೋಕೆ ಶುರು ಮಾಡಿದಳು.

ಆದರೆ ಇಲ್ಲಿದೆ ನೋಡಿ ಮಜಾ. ತರಗತಿಯ ಒಳಗೆ ಕ್ಯಾಟಲನ್. ಗಂಟೆ ಹೊಡೆದು ಆಟದ ಅಂಗಳಕ್ಕೆ ಬಂದ ತಕ್ಷಣ ಎಲ್ಲವೂ ಸ್ಪ್ಯಾನಿಷ್. ಮೊರೊಕ್ಕೊ ಮಕ್ಕಳು, ಎಕ್ವಡಾರ್ ಮಕ್ಕಳು, ಪಾಕಿಸ್ತಾನದ ಮಕ್ಕಳು, ನಮ್ಮವಳು, ಅಷ್ಟೇ ಅಲ್ಲ, ಮನೆಯಲ್ಲಿ ಕ್ಯಾಟಲನ್ ಆಡೋ ಮಕ್ಕಳೂ ಕೂಡ ಚೆಂಡು ಕಾಲಿಗೆ ಬಂದ ಕೂಡಲೇ ಸ್ಪ್ಯಾನಿಷ್‌ಗೆ ಜಾರ್ತಾರೆ. ಟೀಚರಮ್ಮ ಒಬ್ಬರು ನನ್ನ ಹತ್ತಿರ ಹೇಳಿಕೊಂಡಿದ್ದರು, ‘ನಾವು ಪರೀಕ್ಷೆಯ ಭಾಷೆಯನ್ನು ಉಳಿಸಿದ್ದೇವೆ, ಬೈಗುಳದ ಭಾಷೆಯನ್ನು ಕಳಕೊಂಡಿದ್ದೇವೆ’ ಅಂತ.

ಇನ್ನೊಂದು ಅನುಭವ. ಬೇಕರಿಗೆ ಹೋಗ್ತೀನಿ. ಕಷ್ಟಪಟ್ಟು ಕಲಿತ ಕ್ಯಾಟಲನ್‌ನಲ್ಲಿ ‘ಬೋನ್ ದಿಯಾ’ ಅಂತೀನಿ, ಒಂದು ಬ್ರೆಡ್ ಕೊಡಿ ಅಂತೀನಿ. ನನ್ನ ಬಣ್ಣ ನೋಡಿದ ಅಂಗಡಿಯವರು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡ್ತಾರೆ. ನಾನು ಮತ್ತೆ ಕ್ಯಾಟಲನ್, ಅವರು ಮತ್ತೆ ಸ್ಪ್ಯಾನಿಷ್. ಅವರು ಅಪ್ಪಟ ಕ್ಯಾಟಲನ್ ಮನೆಮಾತಿನವರು! ನನಗೆ ಒಳ್ಳೇದು ಮಾಡ್ತಿದ್ದೀನಿ, ಮರ್ಯಾದೆ ಕೊಡ್ತಿದ್ದೀನಿ ಅಂತಲೇ ಅವರ ಭಾವನೆ. ಬೆಂಗಳೂರಲ್ಲಿ ಕನ್ನಡ ಕಲಿತ ಬಿಹಾರದ ಹುಡುಗನಿಗೆ ನಮ್ಮ ಆಟೊದವರೇ ಹಿಂದಿಯಲ್ಲಿ ಉತ್ತರ ಕೊಡ್ತಾರಲ್ಲ, ಥೇಟ್ ಅದೇ. ಇದು ಎಷ್ಟು ಆಳವಾಗಿ ಬೇರುಬಿಟ್ಟಿದೆ ಅಂದರೆ, ‘ಎದುರಿನವರು ಯಾರೇ ಆಗಲಿ, ನಾನು ಕ್ಯಾಟಲನ್ ಬಿಡಲ್ಲ’ ಅಂತ ಪ್ರತಿಜ್ಞೆ ಮಾಡಿಸೋ ಅಭಿಯಾನಗಳೇ ಇಲ್ಲಿ ನಡೀತಿವೆ.

ಅದಕ್ಕೇ ಆ ಸಂಸತ್ತಿನ ಕಿವಿಯಂತ್ರ ನೋಡಿದಾಗ ನನಗೆ ಖುಷಿಯೂ ಆಗುತ್ತೆ, ನಗುವೂ ಬರುತ್ತೆ. ಮ್ಯಾಡ್ರಿಡ್‌ನಲ್ಲಿ ಗೆದ್ದು ಬಂದದ್ದನ್ನು ಇವರು ಬೇಕರಿಯಲ್ಲಿ ಬಿಟ್ಟುಕೊಡ್ತಾರೆ.

ಗದಗಿನ ಗಿರಣಿ

ಅಕ್ಕಾರ, ಇದು ಖರೇ ಮಾತು. ನಾ ಇಷ್ಟೊತ್ತು ಹೇಳಾಕತ್ತಿದ್ದೂ ಅದನ್ನ. ಆ ಕಿವಿಯಂತ್ರಕ್ಕ ಅಲ್ಲಿ ಏನಂತ ಕರೀತಾರ?

ರಾಂಬ್ಲಾ ರಾಗಿಮುದ್ದೆ

‘ಪಿಂಗಾನಿಯೊ’. ಆಡುಮಾತಿನ ಪದ. ಟಿವಿಯವರು ಕಿವಿಗೆ ಸಿಕ್ಕಿಸಿಕೊಳ್ಳೋದಕ್ಕೂ ಅದೇ ಹೆಸರು. ವಿರೋಧಿಸುವವರ ಬಾಯಲ್ಲಿ ಅದು ಗೇಲಿಯ ಪದ ಆಗಿಬಿಟ್ಟಿದೆ. ಒಂದು ವಿಷಯ ಗಮನಿಸಿ, ಸಂಸತ್ತಿನಲ್ಲಿ ಅನುವಾದ ಆಗೋದು ಸ್ಪ್ಯಾನಿಷ್‌ಗೆ ಮಾತ್ರ. ಸ್ಪ್ಯಾನಿಷ್ ಭಾಷಣವನ್ನು ಯಾರೂ ಬಾಸ್ಕ್‌ಗೆ ಮಾಡಲ್ಲ.

ಗಡಿನಾಡ ಗುಬ್ಬಿ

ನಾನು ಕಾಸರಗೋಡಿನ ಕಡೆಯವನು ಮಾರಾಯ್ರೆ, ಆದ್ದರಿಂದ ನನಗೆ ಯಾವಾಗಲೂ ಗಡಿ ಮೇಲೆಯೇ ಕಣ್ಣು. ನಿಮಗೆಲ್ಲ ಲಾ ಫ್ರಾಂಹಾ ಗೊತ್ತುಂಟಾ? ಅರಗೊನ್ ಪ್ರಾಂತ್ಯದ ಪೂರ್ವದ ಅಂಚು, ಕ್ಯಾಟಲೋನಿಯಾಕ್ಕೆ ತಾಗಿಕೊಂಡ ಉದ್ದದ ಪಟ್ಟಿ. ಅಲ್ಲಿಯ ಹಳ್ಳಿಯವರು ಆಡುವುದು ಕ್ಯಾಟಲನ್. ಆದರೆ ಅವರು ಇರುವುದು ಅರಗೊನ್‌ನಲ್ಲಿ, ಅಲ್ಲಿ ಆ ಭಾಷೆಗೆ ಅಧಿಕೃತ ಸ್ಥಾನ ಇಲ್ಲ. ನಮ್ಮ ಹಾಗೆಯೇ, ಗೆರೆ ಎಳೆದವರು ಎಳೆದು ಹೋದರು, ನಾಲಿಗೆ ಈಚೆ ಉಳಿಯಿತು.

2013ರಲ್ಲಿ ಅರಗೊನ್ ಸರಕಾರ ಒಂದು ಕಾನೂನು ಮಾಡಿತು. ಅದರಲ್ಲಿ ಕ್ಯಾಟಲನ್ ಎನ್ನುವ ಹೆಸರೇ ಇಲ್ಲ! ಅದರ ಬದಲಿಗೆ ‘ಪೂರ್ವ ಭಾಗಕ್ಕೆ ಸೇರಿದ ಅರಗೊನ್‌ನ ಸ್ವಂತ ಭಾಷೆ’ ಅಂತ. ಮೊದಲಕ್ಷರ ಕೂಡಿಸಿದರೆ ‘ಲಪಾವೊ’. ಊರಿಗೆ ಊರೇ ನಕ್ಕಿತು. ‘ನನಗೆ ಲಪಾವೊ ಬರುತ್ತದೆ’ ಅಂತ ಜನ ತಮಾಷೆ ಮಾಡಿಕೊಂಡು ತಿರುಗಿದರು. ಸರಕಾರ ಬದಲಾದ ಮೇಲೆ 2016ರಲ್ಲಿ ಕ್ಯಾಟಲನ್ ಎನ್ನುವ ಹೆಸರು ವಾಪಸ್ ಬಂತು.

ವಲೆನ್ಸಿಯಾದಲ್ಲಿಯೂ ಅದೇ ಕತೆ, ಸ್ವಲ್ಪ ಬೇರೆ ರೀತಿ. ಅಲ್ಲಿ ಅದೇ ಭಾಷೆಗೆ ‘ವಲೆನ್ಸಿಯನ್’ ಅಂತಾರೆ. ಎರಡೂ ಒಂದೇ ಭಾಷೆ ಅಂತ ಅಲ್ಲಿಯ ಭಾಷಾ ಅಕಾಡೆಮಿಯೇ 2005ರಲ್ಲಿ ಹೇಳಿದರೂ, ರಾಜಕೀಯದವರು ಕೇಳಬೇಕಲ್ಲ. 2025ರಲ್ಲಿ ಪೋಷಕರ ಮತ ಕೇಳಿದರು, ಮಗುವಿಗೆ ಯಾವ ಭಾಷೆಯಲ್ಲಿ ಪಾಠ ಬೇಕು ಅಂತ. ವಲೆನ್ಸಿಯನ್ ಕೂದಲೆಳೆಯಲ್ಲಿ ಗೆದ್ದಿತು.

ಇನ್ನು ಅಸ್ತೂರಿಯಾಸ್ ಪ್ರಾಂತ್ಯದ ಭಾಷೆಗೆ ತನ್ನ ಊರಲ್ಲೇ ಅಧಿಕೃತ ಪಟ್ಟ ಇಲ್ಲ. ಅದನ್ನು ನೋಡುವಾಗ ಎಂಟನೇ ಪರಿಚ್ಛೇದದ ಬಾಗಿಲಲ್ಲಿ ನಿಂತ ನಮ್ಮ ತುಳು ನೆನಪಾಗುವುದು.

ನೀಲಿ ಪೆನ್ನು

ಗುಬ್ಬಿ ಅವರ ‘ಲಪಾವೊ’ಗೆ ಒಂದು ಲೈಕ್ 😄 ಭಾಷೆಯ ಹೆಸರು ಕಿತ್ತುಕೊಂಡರೆ ಭಾಷೆ ಹೋಗುತ್ತೆ ಅಂದ್ಕೊಂಡೋರು ಎಲ್ಲ ಕಡೆ ಇದ್ದಾರೆ.

ಎರಡು ವರ್ಷ ಬಿಲ್ಬಾವೊ

ಬಾಸ್ಕ್ ಬಗ್ಗೆ ನಾನು ಹೇಳ್ತೀನಿ. ಕೆಲಸದ ಮೇಲೆ ಬಿಲ್ಬಾವೊದಲ್ಲಿದ್ದೆ. ಭಾಷೆ ಕಲಿಯೋಕೆ ಹೋಗಿ ಸೋತು ಬಂದವನು ನಾನು, ಅದನ್ನು ಮೊದಲೇ ಒಪ್ಪಿಕೊಳ್ತೀನಿ. ಆ ಭಾಷೆಗೆ ಜಗತ್ತಿನಲ್ಲಿ ನೆಂಟರೇ ಇಲ್ಲ. ಸ್ಪ್ಯಾನಿಷ್, ಕ್ಯಾಟಲನ್, ಗಲಿಸಿಯನ್ ಮೂರೂ ಲ್ಯಾಟಿನ್ ತಾಯಿಯ ಮಕ್ಕಳು, ಒಂದು ಬಂದರೆ ಇನ್ನೊಂದನ್ನು ಊಹಿಸಬಹುದು. ಬಾಸ್ಕ್ ಹಾಗಲ್ಲ. ಆದರೆ ನನಗೆ ಒಂದು ಅನುಕೂಲ ಇತ್ತು: ಪದದ ಬಾಲಕ್ಕೆ ಪ್ರತ್ಯಯ ಅಂಟಿಸ್ತಾ ಹೋಗೋದು, ಕ್ರಿಯಾಪದ ಕೊನೆಗೆ ಬರೋದು ಕನ್ನಡದವನಿಗೆ ಹೊಸದೇನಲ್ಲ. ನನ್ನ ಜೊತೆ ಕಲೀತಿದ್ದ ಮ್ಯಾಡ್ರಿಡ್‌ನವರು ಕಣ್ಣು ಕಣ್ಣು ಬಿಡ್ತಿದ್ದಾಗ ನಾನೊಬ್ಬ ಬೀಗ್ತಿದ್ದೆ. ಕ್ರಿಯಾಪದದೊಳಗೆ ‘ಯಾರು, ಯಾರಿಗೆ, ಏನನ್ನು’ ಎಲ್ಲ ತುರುಕೋದು ಶುರುವಾದ ಮೇಲೆ ನನ್ನ ಜಂಬವೂ ಇಳಿಯಿತು.

ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಇದನ್ನು ಮನೆಯೊಳಗೆ ಅಟ್ಟಿದ್ದರು. ಮಗುವಿಗೆ ಬಾಸ್ಕ್ ಹೆಸರಿಟ್ಟರೆ ದಾಖಲೆಯಲ್ಲಿ ಬರೀತಿರಲಿಲ್ಲ. ‘ಕ್ರೈಸ್ತರ ಹಾಗೆ ಮಾತಾಡು’ ಅಂತ ಗದರೋದು ಆಗಿನ ರೂಢಿ, ಅಂದರೆ ಸ್ಪ್ಯಾನಿಷ್‌ನಲ್ಲಿ ಮಾತಾಡು ಅಂತ. ಊರಿಗೊಂದು ಬಗೆಯಲ್ಲಿದ್ದ ಭಾಷೆಗೆ ಒಂದು ಸಮಾನ ರೂಪ ಕೊಡೋ ತೀರ್ಮಾನ ಆಗಿದ್ದೂ ಆ ಸರ್ವಾಧಿಕಾರದ ಕಾಲದಲ್ಲೇ, 1968ರಲ್ಲಿ, ಅರಾಂತ್ಸಾಸು ಎಂಬ ಬೆಟ್ಟದ ಮಠದಲ್ಲಿ ವಿದ್ವಾಂಸರು ಸೇರಿ. ಫ್ರಾಂಕೊ 1975ರಲ್ಲಿ ಸತ್ತ ಮೇಲೆ ಶಾಲೆ, ಟಿವಿ, ಸರ್ಕಾರಿ ನೌಕರಿ ಎಲ್ಲಕ್ಕೂ ಭಾಷೆ ಬಂತು. ಸ್ವಾಯತ್ತ ಬಾಸ್ಕ್ ಪ್ರಾಂತ್ಯದಲ್ಲಿ ಭಾಷೆ ಬರುವವರು 1991ರಲ್ಲಿ ನೂರಕ್ಕೆ 24 ಇದ್ದವರು 2021ಕ್ಕೆ 36 ಆದರು. ಒಂದು ತಲೆಮಾರಿನಲ್ಲಿ ಇದು ಸಣ್ಣ ಸಾಧನೆ ಅಲ್ಲ.

ಆದರೆ ರಾಗಿಮುದ್ದೆ ಅಕ್ಕ ಹೇಳಿದ ರೋಗವೇ ಇಲ್ಲೂ. ಕಲಿತವರೆಲ್ಲ ಆಡಲ್ಲ. ಅದಕ್ಕೆ ಅವರು ಕಂಡುಕೊಂಡ ಮದ್ದು ನನಗೆ ತುಂಬಾ ಇಷ್ಟ. 2018ರಲ್ಲಿ ‘ಎವುಸ್ಕರಾಲ್ದಿಯಾ’ ಅಂತ ಶುರು ಮಾಡಿದರು. ಕೆಲವು ದಿನಗಳ ಕಾಲ ಜನ ಎದೆಯ ಮೇಲೆ ಬಿಲ್ಲೆ ಹಾಕಿಕೊಂಡು ಓಡಾಡ್ತಾರೆ. ಬಿಲ್ಲೆ ಎರಡು ಬಗೆ. ಒಂದು ‘ಅಹೊಬಿಸಿ’, ಜೀವಂತ ಬಾಯಿ: ನನಗೆ ಬಾಸ್ಕ್ ಬರುತ್ತೆ, ಅರ್ಥ ಆಗುವವರ ಜೊತೆಗೆಲ್ಲ ಅದರಲ್ಲೇ ಆಡ್ತೀನಿ. ಇನ್ನೊಂದು ‘ಬೆಲಾರಿಪ್ರೆಸ್ತ್’, ಸಿದ್ಧ ಕಿವಿ: ನನಗೆ ಸರಾಗವಾಗಿ ಆಡೋಕೆ ಬರದೇ ಇರಬಹುದು, ಕೇಳಿದರೆ ಅರ್ಥ ಆಗುತ್ತೆ, ದಯವಿಟ್ಟು ನನ್ನ ಜೊತೆ ಬಾಸ್ಕ್‌ನಲ್ಲೇ ಮಾತಾಡಿ. ಮೊದಲ ಸಲವೇ 2 ಲಕ್ಷಕ್ಕೂ ಹೆಚ್ಚು ಜನ ಬಿಲ್ಲೆ ತಗೊಂಡರು.

ನಾನೂ ಆ ಸಿದ್ಧ ಕಿವಿಯ ಬಿಲ್ಲೆ ಹಾಕಿಕೊಂಡು ಆಫೀಸಿಗೆ ಹೋಗಿದ್ದೆ. ಸಿದ್ಧ ಏನೂ ಆಗಿರಲಿಲ್ಲ. ಕಾಫಿ ಯಂತ್ರದ ಹತ್ತಿರ ಒಬ್ಬ ಹಿರಿಯ ಸಹೋದ್ಯೋಗಿ ಬಂದು, ನಿಧಾನವಾಗಿ, ಮಗುವಿಗೆ ಹೇಳೋ ಹಾಗೆ ಹವಾಮಾನದ ಬಗ್ಗೆ ಐದು ನಿಮಿಷ ಮಾತಾಡಿದರು. ಅರ್ಧ ತಿಳೀತು. ಎರಡು ವರ್ಷ ನನ್ನ ಜೊತೆ ಕೆಲಸ ಮಾಡಿದವರು, ಅವತ್ತಿನವರೆಗೆ ನನ್ನ ಹತ್ತಿರ ಒಂದು ಬಾಸ್ಕ್ ಪದ ಆಡಿರಲಿಲ್ಲ.

ಸಂತೆಪೇಟೆ ಸೀನ

ಸಿದ್ಧ ಕಿವಿ! ಇದು ಬೆಂಗಳೂರಿಗೆ ಬೇಕು ಗುರುವೇ. ‘ಕನ್ನಡ ಗೊತ್ತಿಲ್ಲ’ ಅನ್ನೋ ಜನರಲ್ಲಿ ಅರ್ಧದಷ್ಟು ಮಂದಿಗೆ ಕೇಳಿದರೆ ಅರ್ಥ ಆಗುತ್ತೆ. ನಾವು ಅವರ ಹತ್ತಿರ ಆಡಲ್ಲ, ಅಷ್ಟೇ.

ಗದಗಿನ ಗಿರಣಿ

ಬಾಸ್ಕ್ ಅಂದ ಕೂಡಲೇ ನನಗ ನೆನಪಾಗೂದು ಬಾಂಬು. ಬಾಸ್ಕ್‌ಗೆ ಬ್ಯಾರೆ ದೇಶ ಬೇಕಂತ ಬಂದೂಕು ಹಿಡಿದ ಇಟಿಎ ಸಂಘಟನಿ 800ಕ್ಕಿಂತ ಹೆಚ್ಚು ಜನರನ್ನ ಕೊಂದದ. ಅದನ್ನ ಬಿಟ್ಟು ಬರೀ ಬಿಲ್ಲೆ ಅಂದ್ರ ಹೆಂಗ್ರಿ?

ಎರಡು ವರ್ಷ ಬಿಲ್ಬಾವೊ

ಬಿಡಬಾರದು, ಸರಿ. ಇಟಿಎ 2011ರಲ್ಲಿ ಬಂದೂಕು ಕೆಳಗಿಟ್ಟಿತು, 2018ರಲ್ಲಿ ಪೂರಾ ಮುಚ್ಚಿತು. ಅಲ್ಲಿನ ಸ್ನೇಹಿತರು ಹೇಳೋ ಪ್ರಕಾರ, ಆ ಕೊಲೆಗಳು ಭಾಷೆಗೂ ಕೆಡುಕು ಮಾಡಿದವು. ಬಾಸ್ಕ್ ಆಡಿದರೆ ‘ಇವನು ಅವರ ಕಡೆಯವನಾ’ ಅಂತ ಅನುಮಾನ. ಬಂದೂಕು ಹೋದ ಮೇಲೆ ಭಾಷೆಯ ಹೆಗಲ ಮೇಲಿನ ಆ ಹೊರೆ ಇಳೀತು. ಸೆಂಪೆರ್ ಕಥೆಯನ್ನು ಕರಿಕೋಟು ತಮಾಷೆಯಾಗಿ ಹೇಳಿದರು. ಅವರ ಪಕ್ಷದ ಬಾಸ್ಕ್ ನಾಯಕರು ಎಷ್ಟೋ ವರ್ಷ ಅಂಗರಕ್ಷಕರಿಲ್ಲದೆ ಮನೆಯಿಂದ ಹೊರಗೆ ಬರೋ ಹಾಗಿರಲಿಲ್ಲ. ಅಂಥ ಪಕ್ಷದ ಮನುಷ್ಯ ಆ ಭಾಷೆಯನ್ನು ಸಂಸತ್ತಿನಲ್ಲಿ ಆಡಿದ್ದು ನನಗೆ ತಮಾಷೆಯಾಗಿ ಕಾಣಲಿಲ್ಲ.

ಕರಿಕೋಟು

ಒಪ್ಪಿದೆ. ನಾನು ಹಗುರವಾಗಿ ಬರೆದುಬಿಟ್ಟೆ.

ಲೆಕ್ಕದ ಪುಸ್ತಕ

ಭಾವನೆ ಎಲ್ಲ ಸರಿ, ಅಂಕಿ ನೋಡಿ. ಕ್ಯಾಟಲೋನಿಯಾ ಸರ್ಕಾರದ್ದೇ ಭಾಷಾ ಬಳಕೆಯ ಸಮೀಕ್ಷೆ. ‘ದಿನನಿತ್ಯ ನೀವು ಆಡೋ ಭಾಷೆ ಯಾವುದು’ ಅಂದಾಗ ಕ್ಯಾಟಲನ್ ಅಂದವರು 2003ರಲ್ಲಿ ಶೇ. 46, 2023ರಲ್ಲಿ ಶೇ. 32.6. ಸ್ಪ್ಯಾನಿಷ್ ಅಂದವರು 46.5. ಅದೇ ಸಮೀಕ್ಷೆಯಲ್ಲಿ ಕ್ಯಾಟಲನ್ ಮಾತಾಡಲು ಬರುತ್ತೆ ಅಂದವರು ಶೇ. 80, ಅರ್ಥ ಆಗುತ್ತೆ ಅಂದವರು ಶೇ. 93.

ಅಂದರೆ 40 ವರ್ಷ ಶಾಲೆಯಲ್ಲಿ ಕಡ್ಡಾಯ ಮಾಡಿದ್ದರ ಫಲ: ಎಲ್ಲರಿಗೂ ಗೊತ್ತಿದೆ, ಯಾರಿಗೂ ಬೇಡ. ಕಡ್ಡಾಯ ಸೋತಿದೆ ಅಂತ ಒಪ್ಪಿಕೊಳ್ಳೋಣವಾ?

ರಾಂಬ್ಲಾ ರಾಗಿಮುದ್ದೆ

ಅಂಕಿ ಸರಿ, ಓದಿದ ರೀತಿ ತಪ್ಪು. ಆ ಇಪ್ಪತ್ತು ವರ್ಷದಲ್ಲಿ ಇಲ್ಲಿಗೆ ಬಂದವರು ಎಷ್ಟು ಜನ ಲೆಕ್ಕ ಹಾಕಿ. 2023ರ ಕೊನೆಗೆ ಕ್ಯಾಟಲೋನಿಯಾದ ಜನಸಂಖ್ಯೆ 80 ಲಕ್ಷ ದಾಟಿತು, ಅದರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಬೇರೆ ದೇಶದಲ್ಲಿ ಹುಟ್ಟಿದವರು. ಅದರಲ್ಲೂ ದಕ್ಷಿಣ ಅಮೆರಿಕದಿಂದ ಬಂದವರಿಗೆ ಸ್ಪ್ಯಾನಿಷ್ ತಾಯಿಯ ಹಾಲಿನ ಜೊತೆ ಬಂದಿದೆ. ಅವರಿಗೆ ಎರಡೇ ವರ್ಷದ ವಾಸಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ನಮ್ಮಂಥವರಿಗೆ ಹತ್ತು ವರ್ಷ. ಪೌರತ್ವದ ಪರೀಕ್ಷೆಯಲ್ಲಿ ಕೇಳೋದು ಸ್ಪ್ಯಾನಿಷ್ ಮಾತ್ರ. ನಾನು ಕಲಿತ ಕ್ಯಾಟಲನ್‌ಗೆ ಅಲ್ಲಿ ಒಂದು ಅಂಕವೂ ಇಲ್ಲ. ಶಾಲೆಯೊಂದು ಎಷ್ಟು ಎಳೆಯೋಕೆ ಆಗುತ್ತೆ?

ಇನ್ನು ‘ಕಡ್ಡಾಯ’ ಅನ್ನೋ ಪದ. ಇದು ಶುರುವಾದ ಕಥೆ ಕೇಳಿ. ಬಾರ್ಸಿಲೋನಾ ಪಕ್ಕದ ಸಾಂತಾ ಕೊಲೊಮಾ ದೆ ಗ್ರಾಮೆನೆತ್, ಕೂಲಿಕಾರರ ಊರು. ದಕ್ಷಿಣದ ಆಂದಲೂಸಿಯಾದಂಥ ಬಡ ಸೀಮೆಗಳಿಂದ ಕೆಲಸ ಹುಡುಕಿಕೊಂಡು ಬಂದ ಸ್ಪ್ಯಾನಿಷ್ ಮನೆಮಾತಿನವರೇ ಹೆಚ್ಚು. ಎಂಬತ್ತರ ದಶಕದ ಶುರುವಿನಲ್ಲಿ ‘ನಮ್ಮ ಮಕ್ಕಳಿಗೆ ಪೂರಾ ಕ್ಯಾಟಲನ್‌ನಲ್ಲೇ ಕಲಿಸಿ’ ಅಂತ ಹಠ ಹಿಡಿದವರು ಆ ತಾಯಂದಿರು, ತಂದೆಯರು. ಯಾಕೆ? ಒಳ್ಳೇ ಕೆಲಸದ ಬಾಗಿಲು ಆ ಭಾಷೆಯಿಂದ ತೆರೆಯುತ್ತೆ, ನಮ್ಮ ಮಗು ಹೊರಗಿನದಾಗಿ ಉಳಿಯಬಾರದು ಅಂತ. 1983ರಲ್ಲಿ ಇಲ್ಲಿನ ಶಾಸನಸಭೆ ಭಾಷಾ ಕಾಯ್ದೆ ಮಾಡಿದಾಗ ಒಂದೂ ವಿರೋಧ ಮತ ಬೀಳಲಿಲ್ಲ. ಮೇಲಿಂದ ಹೇರಿದ್ದಾಗಿದ್ದರೆ ಹೀಗಾಗ್ತಿರಲಿಲ್ಲ.

ನೀಲಿ ಪೆನ್ನು

1983! ಅದರ ಹಿಂದಿನ ವರ್ಷವೇ ನಮ್ಮಲ್ಲಿ ಗೋಕಾಕ್ ಚಳವಳಿ, ರಾಜ್‌ಕುಮಾರ್ ಬೀದಿಗಿಳಿದಿದ್ದು. ಎರಡೂ ಕಡೆ ಒಂದೇ ಹೊತ್ತಿಗೆ ಕುಕ್ಕರ್ ಕೂಗಿದೆ. ಅವರು ಅನ್ನ ಬಡಿಸಿದರು, ನಾವು ಇನ್ನೂ ಸೀಟಿ ಎಣಿಸ್ತಾ ಇದ್ದೀವಿ.

ಕರಿಕೋಟು

ಅವರ ಅನ್ನಕ್ಕೂ ಕೋರ್ಟು ಕೈ ಹಾಕಿದೆ. ಕನಿಷ್ಠ ಶೇ. 25 ಪಾಠ ಸ್ಪ್ಯಾನಿಷ್‌ನಲ್ಲಿ ಇರಲೇಬೇಕು ಅಂತ ಕ್ಯಾಟಲೋನಿಯಾದ ಉನ್ನತ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನೇ ತೆಗೆದುಕೊಳ್ಳದೆ ಅದು ಗಟ್ಟಿಯಾಯಿತು. ಪ್ರಾಂತ್ಯದ ಸರ್ಕಾರ 2022ರಲ್ಲಿ ‘ಶೇಕಡಾವಾರು ಲೆಕ್ಕ ಬೇಡ’ ಅಂತ ಹೊಸ ಕಾನೂನು ತಂದು ತಪ್ಪಿಸಿಕೊಳ್ಳಲು ನೋಡಿತು. ಕಾನೂನು ಯುದ್ಧ ಈಗಲೂ ನಡೀತಿದೆ.

ಇದರ ನಡುವೆ ಸಿಕ್ಕಿಬಿದ್ದದ್ದು ಒಂದು ಐದು ವರ್ಷದ ಮಗು. ಸಮುದ್ರ ತೀರದ ಕನೆತ್ ದೆ ಮಾರ್ ಊರಿನಲ್ಲಿ ಒಂದು ಕುಟುಂಬ ಆ ಶೇ. 25 ಕೇಳಿತು. 2021ರ ಡಿಸೆಂಬರ್‌ನಲ್ಲಿ ಆ ಮನೆಯವರ ಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಕೆಸರು ಎರಚಿದ್ದು ನೋಡಿ, ನಾನು ಭಾಷಾ ಮಾಧ್ಯಮದ ಪರ ಇರೋ ವಕೀಲನಾದರೂ ನನಗೆ ನಾಚಿಕೆ ಆಯ್ತು. ನಮ್ಮಲ್ಲಿ 2014ರ ಮೇ 6ರಂದು ಸಂವಿಧಾನ ಪೀಠ ‘ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ’ ಅಂದಿತು. ಆ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ಆದರೂ ಯಾವುದೋ ಮಗುವಿನ ಮನೆ ಮುಂದೆ ನಿಂತು ಆ ತಕರಾರು ತೀರಿಸಿಕೊಳ್ಳಲ್ಲ.

ಸೋನೆಮಳೆ

ಗಲಿಸಿಯಾ ಬಗ್ಗೆ ಯಾರೂ ಮಾತಾಡಲಿಲ್ಲ. ಅದೇ ಅದರ ಹಣೆಬರಹ ಅನ್ನಿಸುತ್ತೆ.

ನಾನು ಸಾರಿಯಾದಿಂದ ಸಾಂತಿಯಾಗೊವರೆಗೆ ಯಾತ್ರಿಕರ ದಾರಿಯಲ್ಲಿ ನಡೆದಿದ್ದೆ, ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಮಳೆ, ಹಾವಸೆ, ಕಲ್ಲುಗೋಡೆ, ದನ, ಮಂಜು. ತೀರ್ಥಹಳ್ಳಿಯೇ. ದಾರಿಯ ಹಳ್ಳಿಗಳಲ್ಲಿ ಅಜ್ಜಿಯರು ಹಾಡಿದ ಹಾಗೆ ಗಲಿಸಿಯನ್ ಆಡ್ತಾರೆ, ಪೋರ್ಚುಗೀಸ್ ಕೇಳಿದ ಹಾಗಿರುತ್ತೆ. ಅದೇ ಅಜ್ಜಿ ಪಟ್ಟಣದಿಂದ ಬಂದ ಮೊಮ್ಮಗನ ಕಡೆ ತಿರುಗಿದ ಕೂಡಲೇ ಸ್ಪ್ಯಾನಿಷ್. ನಾನು ಉಳಿದುಕೊಂಡ ಮನೆಯಲ್ಲಿ ಕಣ್ಣಾರೆ ಕಂಡೆ. ಯಾಕಮ್ಮಾ ಅಂತ ಕೇಳಿದ್ದಕ್ಕೆ, ‘ಅವನು ದೊಡ್ಡ ಕೆಲಸಕ್ಕೆ ಹೋಗೋನು’ ಅಂದರು.

ಮೂರು ಭಾಷೆಗೆ ಮೂರು ರೋಗ ನೋಡಿ. ಕ್ಯಾಟಲನ್ ಪೇಟೆಯ ಸ್ಥಿತಿವಂತರ ಭಾಷೆಯೂ ಆಗಿತ್ತು, ಬಂದವರಿಗೆ ಅದನ್ನು ಕಲಿಯೋ ಆಸೆ ಇತ್ತು, ಈಗ ಜನಸಾಗರದಲ್ಲಿ ತೆಳುವಾಗ್ತಿದೆ. ಬಾಸ್ಕ್ ಆಡುವವರೇ ಕಡಿಮೆ ಇದ್ದರು, ಹಟದಿಂದ ಕಲಿತರು. ಗಲಿಸಿಯನ್ ಮಾತ್ರ ಬಹುಪಾಲು ಜನರ ಮನೆಮಾತಾಗಿತ್ತು, ಯಾರೂ ಹೊರಗಿಂದ ಬಂದು ಮುಳುಗಿಸಲಿಲ್ಲ. ‘ಇದು ಹಳ್ಳಿ ಗಮಾರರ ಭಾಷೆ’ ಅನ್ನೋ ನಾಚಿಕೆಯೇ ಸಾಕಾಯ್ತು. ಮೇ 17 ಗಲಿಸಿಯನ್ ಸಾಹಿತ್ಯ ದಿನ, ಸಾರ್ವಜನಿಕ ರಜೆ, ಮಕ್ಕಳು ಕವನ ಓದ್ತಾರೆ. ಮರುದಿನ ವೀಗೊ, ಆ ಕೊರುನ್ಯಾ ಬೀದಿಗಳಲ್ಲಿ ಸ್ಪ್ಯಾನಿಷ್.

ನವೆಂಬರ್ 1ರ ನಂತರದ ನವೆಂಬರ್ 2 ನಮಗೂ ಗೊತ್ತಲ್ಲ.

ಆದರೂ ಒಂದು ಪದ ಕಲಿತು ಬಂದೆ: ‘ನೆಯೊಫಲಾಂತೆಸ್’, ಹೊಸ ಮಾತುಗಾರರು. ಮನೆಯಲ್ಲಿ ಸ್ಪ್ಯಾನಿಷ್ ಆಡಿ ಬೆಳೆದು, ದೊಡ್ಡವರಾದ ಮೇಲೆ ತಾವಾಗಿಯೇ ಗಲಿಸಿಯನ್‌ಗೆ ಮರಳಿದ ಪಟ್ಟಣದ ಹುಡುಗ ಹುಡುಗಿಯರು. ‘ನಿನ್ನದು ಪುಸ್ತಕದ ಭಾಷೆ’ ಅಂತ ಅಜ್ಜಿಯರು ಅವರನ್ನೇ ನೋಡಿ ನಗ್ತಾರಂತೆ.

ಲೆಕ್ಕದ ಪುಸ್ತಕ

ಯುರೋಪ್ ಒಕ್ಕೂಟದ ಕಥೆ ಏನಾಯ್ತು? 24 ಅಧಿಕೃತ ಭಾಷೆ ಇವೆ, ಈ ಮೂರನ್ನೂ ಸೇರಿಸಿ ಅಂತ ಸ್ಪೇನ್ 2023ರ ಆಗಸ್ಟ್‌ನಲ್ಲೇ ಕೇಳಿತ್ತಲ್ಲ. ಖರ್ಚನ್ನೂ ತಾನೇ ಕೊಡ್ತೀನಿ ಅಂದಿತ್ತು.

ಕರಿಕೋಟು

ಅದಕ್ಕೆ 27 ದೇಶಗಳೂ ಹೂಂ ಅನ್ನಬೇಕು. 2025ರ ಮೇ 27ಕ್ಕೆ ಮತಕ್ಕೆ ಹಾಕಬೇಕಿತ್ತು, ಹಲವು ದೇಶಗಳು ಇನ್ನೂ ಸಮಯ ಬೇಕು ಅಂದವು, ಮುಂದಕ್ಕೆ ಹೋಯ್ತು. ಸುಮಾರು 5 ಲಕ್ಷ ಜನರ ಮಾಲ್ಟೀಸ್ ಒಳಗಿದೆ, ಅದರ ಎಷ್ಟೋ ಪಟ್ಟು ಜನ ಆಡೋ ಕ್ಯಾಟಲನ್ ಹೊರಗಿದೆ. ಮಾಲ್ಟಾಗೆ ಸ್ವಂತ ದೇಶ ಇದೆ, ವ್ಯತ್ಯಾಸ ಅಷ್ಟೇ. ಇವಕ್ಕೆ ಬಾಗಿಲು ತೆರೆದರೆ ನಾಳೆ ತಮ್ಮ ಮನೆಯೊಳಗಿನ ಸಣ್ಣ ಭಾಷೆಯವರೂ ಎದ್ದು ನಿಂತಾರು ಅನ್ನೋ ಅಳುಕು ಎಷ್ಟೋ ಸರ್ಕಾರಗಳಿಗಿದೆ.

ಗಡಿನಾಡ ಗುಬ್ಬಿ

ರಾಗಿಮುದ್ದೆ ಅಕ್ಕ, ಒಂದು ಪ್ರಶ್ನೆ. ಭಾಷೆ ಕುಸಿಯುತ್ತಾ ಉಂಟು, ಬಂದವರು ಹೆಚ್ಚುತ್ತಾ ಇದ್ದಾರೆ. ಆಗ ‘ನಿಮ್ಮಿಂದಲೇ ಆಯಿತು’ ಅಂತ ಯಾರೂ ನಿಮ್ಮ ಕಡೆ ಬೆರಳು ತೋರಿಸುವುದಿಲ್ಲವಾ?

ರಾಂಬ್ಲಾ ರಾಗಿಮುದ್ದೆ

ತೋರಿಸ್ತಾರೆ ಗುಬ್ಬಿ ಅವರೇ, ಈಗೀಗ ಜಾಸ್ತಿ. ಮೊದಲು ಇಲ್ಲಿನ ಮಾತು ಏನಿತ್ತು ಅಂದರೆ, ಕ್ಯಾಟಲೋನಿಯಾದಲ್ಲಿ ಬದುಕಿ ದುಡಿಯುವವರೆಲ್ಲ ಕ್ಯಾಟಲನ್ನರೇ. ಈಗ ಅಲಿಯಾನ್ಸಾ ಕತಲಾನಾ ಅಂತ ಒಂದು ಪಕ್ಷ ಇದೆ. ಸ್ವತಂತ್ರ ದೇಶವೂ ಬೇಕು, ವಲಸಿಗರೂ, ಅದರಲ್ಲೂ ಮುಸ್ಲಿಮರು, ಬೇಡ ಅನ್ನೋರು. ಅದರ ನಾಯಕಿ ಸಿಲ್ವಿಯಾ ಒರಿಯೋಲ್ಸ್ ರಿಪೋಲ್ ಊರಿನ ಮೇಯರ್. 2017ರ ಆಗಸ್ಟ್‌ನಲ್ಲಿ ರಾಂಬ್ಲಾ ಬೀದಿಯಲ್ಲಿ ಜನರ ಮೇಲೆ ವ್ಯಾನ್ ಹರಿಸಿದರಲ್ಲ, ಆ ಗುಂಪಿನ ಹುಡುಗರು ಅದೇ ರಿಪೋಲ್‌ನವರು. ಅಲ್ಲಿನ ಶಾಲೆಯಲ್ಲಿ ಓದಿ, ಚೆನ್ನಾಗಿ ಕ್ಯಾಟಲನ್ ಆಡ್ತಿದ್ದ ಹುಡುಗರು. ಆ ಗಾಯದ ಮೇಲೆ ಬೆಳೆದ ಪಕ್ಷ ಅದು. 2024ರ ಮೇ ಚುನಾವಣೆಯಲ್ಲಿ ಪ್ರಾಂತ್ಯದ ಸಭೆಗೆ ಎರಡು ಸೀಟು ಗೆದ್ದರು. ಅದೇ ಚುನಾವಣೆಯಲ್ಲಿ ವೋಕ್ಸ್‌ಗೆ 11. ಒಬ್ಬರು ಕ್ಯಾಟಲನ್ ಬಾವುಟ ಹಿಡೀತಾರೆ, ಇನ್ನೊಬ್ಬರು ಸ್ಪೇನ್ ಬಾವುಟ. ನನ್ನನ್ನು ನೋಡೋ ಕಣ್ಣು ಎರಡಕ್ಕೂ ಒಂದೇ.

ಕಳೆದ ವರ್ಷ ಆಸ್ಪತ್ರೆಯೊಂದರಲ್ಲಿ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹೆಂಗಸು, ‘ಇವರೆಲ್ಲ ಬಂದು ನಮ್ಮ ಭಾಷೆ ಹಾಳಾಯ್ತು’ ಅಂತ ಪಕ್ಕದವರಿಗೆ ಹೇಳಿದರು. ಹೇಳಿದ್ದು ಸ್ಪ್ಯಾನಿಷ್‌ನಲ್ಲಿ. ನಾನು ತಿರುಗಿ ಕ್ಯಾಟಲನ್‌ನಲ್ಲಿ, ‘ನನಗೆ ಅರ್ಥ ಆಗುತ್ತೆ ತಾಯಿ’ ಅಂದೆ. ಮುಖ ಕೆಂಪಾಯ್ತು. ಕ್ಷಮೆ ಕೇಳಿದರು. ಅದನ್ನೂ ಸ್ಪ್ಯಾನಿಷ್‌ನಲ್ಲೇ ಕೇಳಿದರು.

ಗದಗಿನ ಗಿರಣಿ

ಅಯ್ಯೋ ಯಕ್ಕಾ 😂

ಸಂತೆಪೇಟೆ ಸೀನ

ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ನನ್ನ ಮೊದಲ ಪ್ರಶ್ನೆಗೆ ಬರ್ತೀನಿ. ಎಲ್ಲರಿಗೂ ಸ್ಪ್ಯಾನಿಷ್ ಬರುವಾಗ ಯಂತ್ರ ಯಾಕೆ ಅಂದಿದ್ದೆ. ಈಗ ಅನ್ನಿಸೋದು, ಅಜ್ಜಿ ಮೊಮ್ಮಗನ ಕಡೆ ತಿರುಗಿ ಭಾಷೆ ಬದಲಿಸ್ತಾಳಲ್ಲ, ಅವಳು ಟಿವಿಯಲ್ಲಿ ಸಂಸತ್ತು ನೋಡೋವಾಗ ತನ್ನ ಭಾಷೆ ಕೇಳಿಸಿದರೆ ಏನಾದರೂ ಆಗುತ್ತಾ?

ಸೋನೆಮಳೆ

ಅವರ ಮನೆಯಲ್ಲಿ ಟಿವಿ ಇತ್ತು, ಫುಟ್‌ಬಾಲ್ ಹಾಕಿದ್ದರು. ಅವರು ಸಂಸತ್ತು ನೋಡ್ತಾರೆ ಅಂತ ನನಗೇನೂ ಅನ್ನಿಸಲಿಲ್ಲ ಸೀನ ಅವರೇ.

ಗದಗಿನ ಗಿರಣಿ

ಅಕ್ಕಾರ, ಆ ಬೇಕರಿ ಕಥಿ ಏನಾತು? ಈಗಲೂ ಸ್ಪ್ಯಾನಿಷ್‌ನ್ಯಾಗ ಉತ್ತರಾ ಕೊಡ್ತಾನೇನು?

ರಾಂಬ್ಲಾ ರಾಗಿಮುದ್ದೆ

ಹಳಬರು ಅಂಗಡಿ ಬಿಟ್ಟರು, ಬಾಡಿಗೆ ಕಟ್ಟಲಾಗಲಿಲ್ಲ. ಈಗ ಲಾಹೋರಿನ ಒಬ್ಬ ಹುಡುಗ ನಡೆಸ್ತಾನೆ. ಸರ್ಕಾರದ ಉಚಿತ ಸಂಜೆ ತರಗತಿಗೆ ಹೋಗಿ ಕ್ಯಾಟಲನ್ ಕಲೀತಿದ್ದಾನೆ. ನಾನು ‘ಬೋನ್ ದಿಯಾ’ ಅಂದರೆ ಅವನೂ ‘ಬೋನ್ ದಿಯಾ’ ಅಂತಾನೆ. ಬ್ರೆಡ್ಡಿನ ಲೆಕ್ಕವೂ ಅದರಲ್ಲೇ. ಸಾಲಿನಲ್ಲಿ ಹಿಂದೆ ನಿಂತ ಇಲ್ಲಿನ ಅಜ್ಜಂದಿರು ನಮ್ಮಿಬ್ಬರನ್ನೂ ನೋಡ್ತಾ ನಿಲ್ತಾರೆ, ಆಮೇಲೆ ತಮ್ಮ ಸರದಿ ಬಂದಾಗ ಅವನ ಹತ್ತಿರ ಸ್ಪ್ಯಾನಿಷ್‌ನಲ್ಲಿ ಮಾತಾಡ್ತಾರೆ.